ಸೈಡಿಂಗ್ ತಿರುವಿನಲ್ಲಿ ಹಳಿ ಅಗಲವಾಗುತ್ತಿದೆ: ಗೇಜ್ ರಾಡ್ ಹಾಕಿದರೆ ಸಾಕೇ?

ಪ್ರಶ್ನೆ — ವಾಡಿ ಸೈಡಿಂಗ್

ಎಲ್ಲರಿಗೂ ನಮಸ್ಕಾರ. ವಾಡಿ ಸಮೀಪದ ಒಂದು ಕಾರ್ಖಾನೆಯ ಖಾಸಗಿ ಸೈಡಿಂಗಿನಲ್ಲಿ (ಮುಖ್ಯ ಮಾರ್ಗದಿಂದ ಕಾರ್ಖಾನೆಗೆ ಕವಲೊಡೆದ ಹಳಿ) ಹಳಿಗಳ ಮೇಲ್ವಿಚಾರಣೆ ನನ್ನ ಕೆಲಸ. ಕಲ್ಲಿದ್ದಲು ತುಂಬಿದ ರೇಕು (ಪೂರ್ತಿ ಗೂಡ್ಸ್ ಗಾಡಿ) ಒಳಗೆ ಬರುವುದೂ ಸಿಮೆಂಟ್ ತುಂಬಿದ ರೇಕು ಹೊರಗೆ ಹೋಗುವುದೂ ಒಂದೇ ತಿರುವಿನ ಮೇಲೆ. ಸೈಡಿಂಗಿನ ಉಳಿದ ಭಾಗಕ್ಕೆಲ್ಲ ಕಾಂಕ್ರೀಟ್ ಸ್ಲೀಪರ್ (ಹಳಿಗಳ ಕೆಳಗಿನ ಅಡ್ಡ ತೊಲೆ) ಬಂದಿದ್ದರೂ, ಈ ತಿರುವಿನ ನಡುಭಾಗದಲ್ಲಿ ಮಾತ್ರ 14 ಕಟ್ಟಿಗೆಯ ಸ್ಲೀಪರ್‌ಗಳು ಹಾಗೆಯೇ ಉಳಿದುಕೊಂಡಿವೆ. ಹಳಿ ಮೀಟರಿಗೆ 52 ಕಿಲೋದ್ದು, ಹಿಡಿತಕ್ಕೆ ಇರುವುದು ಹಳಿಯ ಕೆಳಗಿನ ಬೇರಿಂಗ್ ಪ್ಲೇಟ್ ಮತ್ತು ಹಳಿಯನ್ನು ಸ್ಲೀಪರಿಗೆ ಹಿಡಿಯುವ ದಪ್ಪ ಮೊಳೆ, ಅಂದರೆ ಡಾಗ್ ಸ್ಪೈಕ್.

ಕೆಲವು ವಾರಗಳ ಹಿಂದೆ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಳೆಯುವ ಕೋಲು ಇಟ್ಟು ನೋಡಿದಾಗ 1676 ಮಿ.ಮೀ. ಇರಬೇಕಾದ ಜಾಗದಲ್ಲಿ 1690ರಿಂದ 1697ರವರೆಗೆ ಬಂತು. ಗುತ್ತಿಗೆದಾರರಿಗೆ ತಿಳಿಸಿದಾಗ ಅವರು ಮೂರು ಗೇಜ್ ರಾಡ್ ತಂದು, ಎರಡೂ ಹಳಿಗಳ ಪಾದಕ್ಕೆ (ಕೆಳಗಿನ ಅಗಲ ಭಾಗಕ್ಕೆ) ಕೊಕ್ಕೆ ಹಾಕಿ, ನಟ್ ಬಿಗಿದು ಹೋದರು. ಹತ್ತು ಹನ್ನೆರಡು ದಿನಕ್ಕೊಮ್ಮೆ ಆ ನಟ್‌ಗಳು ಕೈಯಿಂದ ತಿರುಗಿಸುವಷ್ಟು ಸಡಿಲವಾಗುತ್ತಿವೆ, ಮತ್ತು ಒಂದು ರಾಡ್ ನಡುವೆ ಬಾಗಿಯೂ ಇದೆ. ಇನ್ನೂ ನಾಲ್ಕು ರಾಡ್ ಹಾಕಿದರೆ ಮುಂದಿನ ವರ್ಷದವರೆಗೆ ಸ್ಲೀಪರ್ ಬದಲಿಸುವ ಖರ್ಚು ಬೇಡ ಎನ್ನುವುದು ಅವರ ವಾದ. ಇದನ್ನು ಒಪ್ಪಬಹುದೇ ಎಂಬುದು ನನ್ನ ಪ್ರಶ್ನೆ. ಮತ್ತೊಂದು ಅಳತೆಯನ್ನೂ ಕೊಡುತ್ತೇನೆ: ಹೊರ ಹಳಿಗೆ 20 ಮೀಟರ್ ದಾರ ಹಿಡಿದು ನಡುವಿನ ಅಂತರ ಅಳೆದರೆ 240 ಮಿ.ಮೀ. ಬರುತ್ತದೆ.

ಉತ್ತರ 1 — ಶಹಾಬಾದಿನವ

ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲು ತಮಗೆ ಗೊತ್ತೇ ಇದೆ. ಕಬ್ಬಿಣ ಕಾದು ಹಿಗ್ಗುವುದರಿಂದ ಹಳಿ ಸರಿದಿರಬಹುದು. ಮಳೆಗಾಲಕ್ಕೆ ತಾನಾಗಿಯೇ ಸರಿಹೋದೀತು, ಅಲ್ಲಿಯವರೆಗೆ ರಾಡ್ ಸಾಕು ಎಂದು ನನಗೆ ಅನಿಸುತ್ತದೆ.

ಉತ್ತರ 2 — ಭೀಮಾತೀರದ ನಿವೃತ್ತ, ಯಾದಗಿರಿ

ಮೇಲಿನ ಸ್ನೇಹಿತರು ಎರಡು ಬೇರೆ ಬೇರೆ ರೋಗಗಳನ್ನು ಒಂದೇ ಎಂದುಕೊಂಡಿದ್ದಾರೆ. ಬಿಸಿಲಿಗೆ ಹಳಿ ಉದ್ದಕ್ಕೆ ಬೆಳೆಯುತ್ತದೆ. 13 ಮೀಟರಿನ ಒಂದು ತುಂಡು 30 ಡಿಗ್ರಿ ಹೆಚ್ಚು ಕಾದರೆ ಸುಮಾರು ನಾಲ್ಕೂವರೆ ಮಿ.ಮೀ. ಬೆಳೆದೀತು. ಆ ಬೆಳವಣಿಗೆಗೆ ಜಾಗ ಸಿಗದಿದ್ದರೆ ಎರಡೂ ಹಳಿಗಳು ಸ್ಲೀಪರ್ ಸಮೇತ ಒಂದೇ ಕಡೆಗೆ ಹಾವಿನಂತೆ ಡೊಂಕಾಗುತ್ತವೆಯೇ ಹೊರತು, ಒಂದರಿಂದ ಇನ್ನೊಂದು ದೂರ ಸರಿಯುವುದಿಲ್ಲ. ಹಳಿ ಅಗಲವಾಗುವುದು ಸ್ಲೀಪರ್ ಹಿಡಿತ ಬಿಟ್ಟಾಗ, ಮತ್ತು ಆ ಹಿಡಿತ ಮಳೆಗಾಲದಲ್ಲಿ ಕಟ್ಟಿಗೆ ನೆನೆದ ಮೇಲೆ ಇನ್ನಷ್ಟು ಹೋಗುತ್ತದೆ.

ಪ್ರಶ್ನೆ ಕೇಳಿದವರಿಗೆ ಮೊದಲು ಒಂದು ಮಾತು. ನಾನು ಹಳಿಯ ಮೇಲೆ ನಡೆದೇ ನೌಕರಿ ಮುಗಿಸಿದವನು. ಗೇಜ್ ರಾಡ್ ಕೆಟ್ಟ ವಸ್ತುವಲ್ಲ. ಆದರೆ ಅದು ಹಳಿಯ ಪಾದವನ್ನು ಹಿಡಿಯುವ ಸಾಧನ. ಪಾದ ಹೊರಕ್ಕೆ ಜಾರುವುದನ್ನು ಚೆನ್ನಾಗಿ ತಡೆಯುತ್ತದೆ, ತಲೆ ಹೊರಕ್ಕೆ ವಾಲುವುದನ್ನು ತಕ್ಕಮಟ್ಟಿಗೆ ಮಾತ್ರ ತಡೆಯುತ್ತದೆ. ತಲೆ ವಾಲದಂತೆ ನಿಜವಾಗಿ ಕಾಯುವುದು ಒಳಬದಿಯ (ಎರಡು ಹಳಿಗಳ ನಡುವಿನ ಕಡೆಯ) ಡಾಗ್ ಸ್ಪೈಕ್, ಏಕೆಂದರೆ ಹಳಿ ಹೊರಕ್ಕೆ ಮಗುಚುವಾಗ ಪಾದದ ಒಳ ಅಂಚೇ ಮೇಲೇಳುತ್ತದೆ. ತಾವು ಒಳಬದಿಯ ಸ್ಪೈಕಿನ ತಲೆಗೂ ಪಾದಕ್ಕೂ ನಡುವೆ ಸಂದು ಇದೆಯೇ ನೋಡಿ. ಒಂದು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಗುತ್ತಿದ್ದರೆ ಆ ಸ್ಪೈಕ್ ಅಲ್ಲಿ ನಿಂತಿದೆ ಅಷ್ಟೇ, ಕೆಲಸ ಮಾಡುತ್ತಿಲ್ಲ.

ಇನ್ನೊಂದು ಗುರುತು ಬೇರಿಂಗ್ ಪ್ಲೇಟಿನ ಕೆಳಗೆ ಸಿಗುತ್ತದೆ. ಸಿಮೆಂಟ್ ದೂಳು ಎಲ್ಲ ಕಡೆ ಬೂದಿಯಂತೆ ಕೂತಿರುವ ಸೈಡಿಂಗಿನಲ್ಲಿ, ಪ್ಲೇಟಿನ ಅಂಚಿನ ಪಕ್ಕ ಬೆರಳಗಲದ ಒಂದು ಪಟ್ಟಿ ಮಾತ್ರ ದೂಳಿಲ್ಲದೆ ಸವೆದು ಹೊಳೆಯುತ್ತಿದ್ದರೆ, ಪ್ರತಿ ರೇಕಿನ ಕೆಳಗೂ ಪ್ಲೇಟ್ ಅಷ್ಟು ದೂರ ಹೋಗಿ ಬರುತ್ತಿದೆ ಎಂದು ತಿಳಿಯಬೇಕು. ಗೇಜ್ ಕೋಲು ತೋರಿಸುವುದು ಭಾರವಿಲ್ಲದಾಗಿನ ಅಳತೆಯನ್ನು. ರೇಕು ಮೇಲಿರುವಾಗ ಎಷ್ಟಾಗುತ್ತದೆ ಎಂಬುದೇ ಮುಖ್ಯ, ಆದರೆ ಚಲಿಸುವ ಗಾಡಿಯ ಹತ್ತಿರ ಕೈ ಹಾಕಿ ಅಳೆಯುವಂತಿಲ್ಲ. ಅದಕ್ಕೆ ನಾವು ಮಾಡುತ್ತಿದ್ದುದು ಇಷ್ಟು: ಎರೆಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಎರಡೂ ಹಳಿಗಳ ಪಾದದ ಹೊರ ಅಂಚಿಗೆ ತಾಗುವಂತೆ ಸ್ಲೀಪರಿನ ಮೇಲೆ ಮೆತ್ತಿ ಬಿಡುವುದು. ತುಂಬಿದ ರೇಕು ಹೋದ ಮೇಲೆ ಮಣ್ಣಿಗೂ ಪಾದಕ್ಕೂ ನಡುವೆ ಉಳಿದ ಸಂದನ್ನು ಅಳೆದು, ಎರಡೂ ಬದಿಯದನ್ನು ಕೂಡಿಸಿ, ಗೇಜ್ ಕೋಲಿನ ಅಳತೆಗೆ ಸೇರಿಸಬೇಕು.

ನಟ್ ಸಡಿಲವಾಗುವುದರ ಬಗ್ಗೆ: ನಿಮ್ಮ ಗುತ್ತಿಗೆದಾರರು ನಟ್ ಬಿಗಿದೇ ಹಳಿಯನ್ನು ಒಳಕ್ಕೆ ಎಳೆಯಲು ನೋಡಿರಬೇಕು. ಹಾರೆ ಅಥವಾ ಜ್ಯಾಕ್ ಹಾಕಿ ಮೊದಲು ಗೇಜ್ ಸರಿಗೆ ತರಬೇಕು, ಹಳೆಯ ತೂತಿಗೆ ಒಣಗಿದ ಕಟ್ಟಿಗೆಯ ಬೆಣೆ ಜಡಿದು ಸ್ಪೈಕ್ ಹೊಡೆಯಬೇಕು, ಆಮೇಲೆ ರಾಡ್ ಹಾಕಿ ಮೈಗೆ ತಾಗುವಷ್ಟು ಬಿಗಿದು ಮೇಲೊಂದು ಚೆಕ್ ನಟ್ ಕೂರಿಸಬೇಕು. ರಾಡ್ ಎರಡು ಸ್ಲೀಪರ್‌ಗಳ ನಡುವಿನ ಖಾಲಿಯಲ್ಲಿ, ಹಳಿಗೆ ನೇರ ಅಡ್ಡವಾಗಿ ಇರಬೇಕು, ಮತ್ತು ಖಡಿಯಲ್ಲಿ ಹೂತಿರಬಾರದು. ಬಾಗಿದ ರಾಡನ್ನು ಇಂದೇ ತೆಗೆಯಿರಿ. ಬಾಗಿದ್ದು ಎಳೆತಕ್ಕೆ ನೆಟ್ಟಗಾಗುತ್ತಾ ಹೋದಷ್ಟೂ ಗೇಜ್ ಬಿಟ್ಟುಕೊಡುತ್ತದೆ.

ಹಿಂದಿನ ಕಾಲದ ಬೀಡಿನ (ಎರಕದ ಕಬ್ಬಿಣದ) ಸಿ.ಎಸ್.ಟಿ.-9 ಸ್ಲೀಪರಿನಲ್ಲಿ ಎರಡು ಹಳಿಗಳ ಕೆಳಗಿನ ತಟ್ಟೆಗಳನ್ನು ಕೂಡಿಸಿ ಕಟ್ಟುವ ಟೈಬಾರೇ ಸ್ಲೀಪರಿನ ಜೀವ. ಅದರ ಕಾಟರ್ (ಬಿಗಿ ಹಿಡಿಯುವ ಬೆಣೆ) ಸವೆದು ಹೋದರೆ ಗೇಜ್ ಹೋಯಿತು. ಅಲ್ಲಿ ಟೈಬಾರ್ ಸ್ಲೀಪರಿನ ಅಂಗ. ನಿಮ್ಮಲ್ಲಿ ಅದು ಊರುಗೋಲು.

ಉತ್ತರ 3 — ಬೀದರಿನ ಪಾಲಿಟೆಕ್ನಿಕ್ ಮಾಸ್ತರ

ಹಿರಿಯರು ಹೇಳಿದ್ದಕ್ಕೆ ಲೆಕ್ಕದ ಬೆಂಬಲ ಕೊಡುತ್ತೇನೆ. ಬ್ರಾಡ್ ಗೇಜ್ ಆಕ್ಸಲಿನ ಎರಡು ಚಕ್ರಗಳ ಬೆನ್ನುಗಳ (ಒಳಮುಖಗಳ) ನಡುವಿನ ಅಂತರ 1600 ಮಿ.ಮೀ., ಚಕ್ರದ ಅಗಲ 127 ಮಿ.ಮೀ., ಮತ್ತು ಸವೆದು ಬಳಕೆಯ ಕೊನೆಯ ಮಿತಿಗೆ ಬಂದ ಫ್ಲೇಂಜಿನ (ಹಳಿಯ ಒಳಬದಿಗೆ ಇಳಿದು ಚಕ್ರ ಜಾರದಂತೆ ಕಾಯುವ ಅಂಚಿನ) ದಪ್ಪ 16 ಮಿ.ಮೀ. ಒಂದು ಚಕ್ರದ ಫ್ಲೇಂಜ್ ಹಳಿಗೆ ಒತ್ತಿ ನಿಂತಾಗ ಅಲ್ಲಿಂದ ಇನ್ನೊಂದು ಚಕ್ರದ ಹೊರ ಅಂಚಿನವರೆಗೆ 16 + 1600 + 127, ಅಂದರೆ 1743 ಮಿ.ಮೀ. ಆಗುತ್ತದೆ. ಗೇಜ್ ಅಷ್ಟು ತೆರೆದರೆ ಆ ಚಕ್ರಕ್ಕೆ ನಿಲ್ಲಲು ಹಳಿಯೇ ಉಳಿಯುವುದಿಲ್ಲ, ನಡುವೆ ಬೀಳುತ್ತದೆ. 1697ರಿಂದ 1743ಕ್ಕೆ 46 ಮಿ.ಮೀ. ಇದೆಯಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಆದರೆ ಆ 46ರಲ್ಲಿ ಪಾದದ ಜಾರಿಕೆ, ತಲೆಯ ವಾಲಿಕೆ ಮತ್ತು ಚಕ್ರದ ಅಂಚು ಹಳಿಯ ಮೂಲೆಯ ಮೇಲೆ ನಿಲ್ಲುವ ಅಪಾಯ, ಮೂರೂ ಪಾಲು ಕೇಳುತ್ತವೆ.

ವಾಲಿಕೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 52 ಕಿಲೋ ಹಳಿಯ ಎತ್ತರ 156 ಮಿ.ಮೀ., ಪಾದದ ಅಗಲ 136 ಮಿ.ಮೀ. ಭಾರ ತಲೆಯ ನಟ್ಟನಡುವೆ ಬಿದ್ದಿದೆ ಎಂದುಕೊಂಡರೆ, ಹಳಿ ಪಾದದ ಹೊರ ಅಂಚಿನ ಮೇಲೆ ಮಗುಚಲು ಬೇಕಾದ ಅಡ್ಡ ಒತ್ತಡವು ಕೆಳಕ್ಕೆ ಒತ್ತುವ ಭಾರದ 68/156 ಪಾಲು, ಅಂದರೆ ಸುಮಾರು 0.44. ಭಾರ ಒಳ ಮೂಲೆಯ ಕಡೆಗಿದ್ದರೆ ಈ ಪಾಲು ಹೆಚ್ಚುತ್ತದೆ, ಹೊರ ಅಂಚಿನ ಕಡೆಗೆ ಸರಿದರೆ ಇಳಿಯುತ್ತದೆ. ಅದಕ್ಕಿಂತ ಮೇಲಿನದನ್ನೆಲ್ಲ ಸ್ಪೈಕ್‌ಗಳೇ ತಡೆಯಬೇಕು.

ತಿರುವಿನಲ್ಲಿ ಹಳಿಗಳು ಎರಡೂ ಕಡೆಗೆ ಏಕೆ ತಳ್ಳಿಸಿಕೊಳ್ಳುತ್ತವೆ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಬೋಗಿಯ ಮುಂದಿನ ಆಕ್ಸಲ್ ತಿರುವಿಗೆ ಸರಿಯಾಗಿ ಹೊಂದಿ ನಿಲ್ಲದೆ ಓರೆಯಾಗಿ ಉರುಳುತ್ತದೆ. ಹೊರ ಚಕ್ರದ ಫ್ಲೇಂಜ್ ಹೊರ ಹಳಿಯನ್ನು ಹೊರಕ್ಕೆ ಒತ್ತುತ್ತದೆ. ಒಳ ಚಕ್ರಕ್ಕೆ ಫ್ಲೇಂಜಿನ ಆಸರೆ ಇಲ್ಲದಿದ್ದರೂ ಅದು ಅಡ್ಡಲಾಗಿ ಉಜ್ಜುವ ಘರ್ಷಣೆಯೇ ಒಳ ಹಳಿಯನ್ನು ತಿರುವಿನ ಕೇಂದ್ರದ ಕಡೆಗೆ ದೂಡುತ್ತದೆ. ಹೀಗಾಗಿ ವೇಗ ತೀರ ಕಡಿಮೆ ಇದ್ದರೂ ಹಳಿಗಳು ಬೇರ್ಪಡುತ್ತವೆ. 10 ಕಿ.ಮೀ. ವೇಗದಲ್ಲಿ ಏನೂ ಆಗುವುದಿಲ್ಲ ಎಂಬ ನಂಬಿಕೆ ಸೈಡಿಂಗುಗಳಲ್ಲಿ ಬಹಳ ಇದೆ, ಅದು ಸರಿಯಲ್ಲ. ಆಕ್ಸಲಿಗೆ 20 ಟನ್ನಿಗೂ ಮೇಲಿನ ಭಾರ ಹೊತ್ತ ವ್ಯಾಗನ್ ನಿಧಾನವಾಗಿ ಹೋದರೂ ಉಜ್ಜಿಯೇ ಹೋಗುತ್ತದೆ.

ಈಗ ತಾವು ಕೊಟ್ಟ ದಾರದ ಅಳತೆ. 20 ಮೀಟರ್ ದಾರಕ್ಕೆ ತ್ರಿಜ್ಯ ಬೇಕಾದರೆ 50000ವನ್ನು ಮಿ.ಮೀ. ಅಂತರದಿಂದ ಭಾಗಿಸಬೇಕು. 240ರಿಂದ ಭಾಗಿಸಿದರೆ ಸುಮಾರು 208 ಮೀಟರ್ ಬರುತ್ತದೆ. 1750ನ್ನು ತ್ರಿಜ್ಯದಿಂದ ಭಾಗಿಸಿ ಡಿಗ್ರಿ ತೆಗೆಯುವುದು ನಮ್ಮ ರೂಢಿ, ಆ ಪ್ರಕಾರ ಇದು 8.4 ಡಿಗ್ರಿಯ ತಿರುವು. ಬ್ರಾಡ್ ಗೇಜಿನಲ್ಲಿ 8 ಡಿಗ್ರಿ ಮುಟ್ಟಿದ ತಿರುವಿಗೆ ಒಳ ಹಳಿಯ ಪಕ್ಕ ಚೆಕ್ ರೈಲ್ ಎಂಬ ಇನ್ನೊಂದು ಹಳಿ ಬೇಕು. ತಮ್ಮ ಬರಹದಲ್ಲಿ ಅದರ ಹೆಸರೇ ಇಲ್ಲ. ಚೆಕ್ ರೈಲ್ ಒಳ ಚಕ್ರದ ಬೆನ್ನನ್ನು ಹಿಡಿದುಕೊಂಡು ಹೊರ ಹಳಿಯ ಮೇಲಿನ ಒತ್ತಡದ ಪಾಲು ತಾನು ಹೊರುತ್ತದೆ. ರಾಡ್‌ಗಿಂತ ಮೊದಲು ಕೇಳಬೇಕಾದದ್ದು ಅದನ್ನೇ ಎಂದು ನನ್ನ ಅಭಿಪ್ರಾಯ.

ಉತ್ತರ 4 — ಕಲಬುರಗಿಯ ಸಿಗ್ನಲ್ ಮನುಷ್ಯ

ಒಂದು ಸಣ್ಣ ಎಚ್ಚರಿಕೆ ಮಾತ್ರ. ಸೈಡಿಂಗ್ ಮುಖ್ಯ ಮಾರ್ಗಕ್ಕೆ ಕೂಡುವ ಕಡೆ ಟ್ರ್ಯಾಕ್ ಸರ್ಕ್ಯೂಟ್ (ಹಳಿಗಳಲ್ಲಿ ವಿದ್ಯುತ್ ಹರಿಸಿ ಗಾಡಿ ಇದೆಯೇ ಎಂದು ತಿಳಿಯುವ ವ್ಯವಸ್ಥೆ) ಇದ್ದರೆ ಬರೀ ಕಬ್ಬಿಣದ ರಾಡ್ ಹಾಕಕೂಡದು. ಎರಡು ಹಳಿಗಳನ್ನು ಲೋಹದಿಂದ ಕೂಡಿಸಿದ ತಕ್ಷಣ, ಅಲ್ಲಿ ಗಾಡಿ ನಿಂತಿದೆ ಎಂದೇ ರಿಲೇ ತಿಳಿಯುತ್ತದೆ ಮತ್ತು ಸಿಗ್ನಲ್ ಕೆಂಪಿನಲ್ಲೇ ನಿಲ್ಲುತ್ತದೆ. ನಡುವೆ ಇನ್ಸುಲೇಷನ್ ಇರುವ ರಾಡ್ ಬೇರೆ ಸಿಗುತ್ತದೆ. ಅದರ ಇನ್ಸುಲೇಷನ್ ಬುಷ್ ಒಡೆದರೂ ಫಲ ಅದೇ, ಆದ್ದರಿಂದ ಗ್ಯಾಂಗಿನವರು ಪಾನಾ ಹಿಡಿದು ನಟ್ ಬಿಗಿಯುವಾಗ ಬುಷ್ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.

ಪ್ರಶ್ನೆ ಕೇಳಿದವರು — ವಾಡಿ ಸೈಡಿಂಗ್

ಎಲ್ಲರಿಗೂ ಧನ್ಯವಾದಗಳು. ನಮ್ಮ ತಿರುವಿನಲ್ಲಿ ಟ್ರ್ಯಾಕ್ ಸರ್ಕ್ಯೂಟ್ ಇಲ್ಲ. ಚೆಕ್ ರೈಲೂ ಇಲ್ಲ. ಆದರೆ ಒಳ ಹಳಿಯ ಪಕ್ಕದ ಸ್ಲೀಪರ್‌ಗಳ ಮೇಲೆ ಹಳೆಯ ಬೋಲ್ಟಿನ ತೂತುಗಳು ಸಾಲಾಗಿ ಕಾಣುತ್ತವೆ. ಎಂದೋ ಇದ್ದುದನ್ನು ಯಾರೋ ಕಿತ್ತು ಒಯ್ದಿರಬೇಕು. ಎರೆಮಣ್ಣಿನ ಪರೀಕ್ಷೆಯನ್ನು ನಿನ್ನೆ ಕಲ್ಲಿದ್ದಲು ರೇಕಿಗೆ ಮಾಡಿದೆ. ಗೇಜ್ 1697 ಇದ್ದ ಜಾಗದಲ್ಲಿ ಹೊರ ಹಳಿಯ ಸಂದು 6 ಮಿ.ಮೀ., ಒಳ ಹಳಿಯದು 3 ಮಿ.ಮೀ. ಬಂತು. 14 ಸ್ಲೀಪರ್‌ಗಳಲ್ಲಿ ಒಂಬತ್ತರ ಒಳಬದಿಯ ಸ್ಪೈಕಿನ ಕೆಳಗೆ ನಾಣ್ಯ ಹೋಯಿತು, ಎರಡರಲ್ಲಿ ಸ್ಪೈಕನ್ನೇ ಕೈಯಿಂದ ಎತ್ತಲು ಬಂತು. ಆ ಎರಡೂ ಪಕ್ಕಪಕ್ಕದವು.

ಉತ್ತರ 5 — ಭೀಮಾತೀರದ ನಿವೃತ್ತ, ಯಾದಗಿರಿ

ಪಕ್ಕಪಕ್ಕದವು ಎಂಬ ಮಾತೇ ನನಗೆ ಸಾಕು. ಅಲ್ಲಲ್ಲಿ ಒಂದೊಂದು ಸ್ಲೀಪರ್ ಸತ್ತಿದ್ದರೆ ಅಕ್ಕಪಕ್ಕದವು ಹೊರುತ್ತವೆ. ಒಂದೇ ಕಡೆ ಎರಡು ಸತ್ತು ಅವುಗಳ ನೆರೆಯವೂ ಸಡಿಲವಿದ್ದರೆ ಹಳಿ ಅಷ್ಟು ದೂರ ಆಧಾರವಿಲ್ಲದೆ ನಿಂತಿದೆ ಎಂದರ್ಥ. ಭಾರದಡಿ ಪಾದದ ಲೆಕ್ಕವೇ 1706 ಆಯಿತು, ತಲೆಯ ವಾಲಿಕೆ ಇದರಲ್ಲಿ ಸೇರಿಲ್ಲ. ಆ ತಿರುವಿನ ಮೇಲೆ ತುಂಬಿದ ರೇಕನ್ನು ಬಿಡುವುದನ್ನು ಇಂದೇ ನಿಲ್ಲಿಸಬೇಕು ಎಂದು ಲಿಖಿತವಾಗಿ ಕೊಡಿ, ಬಾಯಿಮಾತು ಬೇಡ.

ಕೆಲಸದ ಕ್ರಮ ಹೀಗಿರಲಿ. ಆ ಎರಡು ಸ್ಲೀಪರ್ ಮೊದಲು ಬದಲಾಗಲಿ. ಉಳಿದವುಗಳಿಗೆ ಗೇಜ್ ತಂದು ಬೆಣೆ ಜಡಿದು ಸ್ಪೈಕ್ ಹೊಡೆಸಿ. ನೆಟ್ಟಗಿರುವ ರಾಡ್‌ಗಳನ್ನು ಆಗ ಹಾಕಿ, ಮತ್ತು ಪೂರ್ಣ ಕೆಲಸ ಆಗುವವರೆಗೆ ದಿನವೂ ನಟ್ ನೋಡಿಸಿ. ಕಟ್ಟಿಗೆಯ ನಡುವೆ ಒಂದೊಂದೇ ಕಾಂಕ್ರೀಟ್ ಸ್ಲೀಪರ್ ತುರುಕುವ ಸಲಹೆ ಬಂದರೆ ಒಪ್ಪಬೇಡಿ. ಗಟ್ಟಿಯಾದದ್ದು ಭಾರವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ, ಮೆತ್ತನೆಯದು ಇನ್ನೂ ಕುಸಿಯುತ್ತದೆ. ಮುಂದೆ ಪೂರ್ಣ ಕೆಲಸ ಮಾಡುವಾಗ 14ನ್ನೂ ಒಂದೇ ಸಲ ತೆಗೆದು, ಚೆಕ್ ರೈಲ್ ಕೂರಿಸಲು ಬರುವಂಥ ಸ್ಲೀಪರ್‌ಗಳನ್ನೇ ತರಿಸಿ.

ಪ್ರಶ್ನೆ ಕೇಳಿದವರು — ವಾಡಿ ಸೈಡಿಂಗ್

ಪತ್ರ ಕೊಟ್ಟಿದ್ದೇನೆ, ಮಣ್ಣಿನ ಸಂದಿನ ಫೋಟೋಗಳನ್ನೂ ಜೊತೆಗೆ ಲಗತ್ತಿಸಿದ್ದೇನೆ. ಇಂದು ಸಂಜೆಯ ರೇಕನ್ನು ಕಾರ್ಖಾನೆಯವರು ಗೇಟಿನ ಹೊರಗೇ ನಿಲ್ಲಿಸಿಕೊಂಡಿದ್ದಾರೆ. ಗುತ್ತಿಗೆದಾರರು ನಾಳೆ ಬೆಳಿಗ್ಗೆ ಎರಡು ಸ್ಲೀಪರ್ ತರುವುದಾಗಿ ಒಪ್ಪಿದ್ದಾರೆ. ಬಾಗಿದ ರಾಡನ್ನು ನಾನೇ ಬಿಚ್ಚಿ ಸ್ಟೋರಿಗೆ ಹಾಕಿದೆ, ಅದರ ಕೊಕ್ಕೆಯ ಒಳಮೈ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.