ಸಹಾಯ ಬೇಕು: ಹಳೇ ಎಂಜಿಬಿ ಕಾರು ಘಾಟಿ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ. 1967ರ ಎಂಜಿಬಿ, 1798 ಸಿಸಿ, ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ (ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ). ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ಇತ್ತು. ಈಗ ಸಂಪಾಜೆ ಘಾಟಿ ಹತ್ತುವಾಗ ಸಿಕ್ಕಾಪಟ್ಟೆ ಮಿಸ್ಸಿಂಗ್, ಕುಶಾಲನಗರದ ಕಡೆ ಮಟ್ಟಸ ರಸ್ತೆಯಲ್ಲಿ ಆರಾಮಾಗಿ ಓಡುತ್ತದೆ. ಕಾರ್ಬುರೇಟರ್‌ನ ಡ್ಯಾಂಪರ್ (ಪಿಸ್ಟನ್ ಏರುವುದನ್ನು ನಿಧಾನ ಮಾಡುವ ಕಡ್ಡಿ) ತೆಗೆದು ಅದರೊಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಕೆಳಗೆ ಬೀಳಬೇಕು ಅಲ್ವಾ? ಮುಂದಿನದು ಬೀಳುತ್ತದೆ, ಹಿಂದಿನದು ಅರ್ಧದಲ್ಲೇ ತಡೆದು ನಿಲ್ಲುತ್ತದೆ. ಪ್ಲಗ್ ಬದಲಾಯಿಸಿದ್ದಾಯ್ತು, ಆಯಿಲ್ ಹಾಕಿದ್ದಾಯ್ತು. ಇಲ್ಲಿನ ಮೆಕ್ಯಾನಿಕ್ ಒಬ್ಬರು ಸುಮ್ನೆ ಬೇರೆ ಕಾರ್ಬುರೇಟರ್ ಕೂರಿಸಿ ಅಂತಾರೆ. ಅದಕ್ಕೆ ನನಗೆ ಮನಸ್ಸಿಲ್ಲ.

ಮುಂದಿನ ತಿಂಗಳು ಮಂಗಳೂರಿನಲ್ಲಿ ಹಳೇ ಕಾರಿನವರೆಲ್ಲ ಸೇರುತ್ತಿದ್ದೇವೆ. ಬಾನೆಟ್ ಎತ್ತಿಟ್ಟು ಹರಟೆ ಹೊಡೆಯೋದೇ ಅಲ್ಲಿ ಮಜಾ (ತಿಂಡಿಯೂ ಚೆನ್ನಾಗಿರುತ್ತದೆ). ಹೋಗುವಾಗ ಇಳಿಜಾರು ಸರಿ, ವಾಪಸ್ ಹತ್ತಬೇಕಲ್ಲ! ಎಸ್‌ಯು ಬಿಚ್ಚಿ ಟ್ಯೂನ್ ಮಾಡಿ ಅನುಭವ ಇರುವವರು ಮಂಗಳೂರು, ಮೈಸೂರು ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.