ಅಪ್‌ಡೇಟ್: ಮಗಳಿಗೆ ಐರಿಶ್ ಫ್ಲೂಟ್ ಸಿಕ್ಕಿತು

ಡಬ್ಲಿನ್‌ನಲ್ಲಿ ಶಾಲೆಗೆ ಹೋಗುವ ನನ್ನ ಮಗಳಿಗೆ ಜಾಸ್ತಿ ಖರ್ಚಿಲ್ಲದ ಐರಿಶ್ ಫ್ಲೂಟ್ (ಐರಿಶ್ ಜಾನಪದ ಸಂಗೀತದ, ಅಡ್ಡ ಹಿಡಿದು ಊದುವ ಆರು ರಂಧ್ರಗಳ ಕೊಳಲು) ಯಾವುದು ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಕೀಲಿಗಳಿಲ್ಲದ (ಅಂದರೆ ರಂಧ್ರ ಮುಚ್ಚಲು ಒತ್ತುವ ಲೋಹದ ಗುಂಡಿಗಳಿಲ್ಲದ, ಬೆರಳಿನಿಂದಲೇ ಮುಚ್ಚುವ), ಡಿ ಶ್ರುತಿಯ ಡೆಲ್ರಿನ್ ಫ್ಲೂಟ್ ಸಾಕು ಎಂದವರ ಮಾತೇ ಗೆದ್ದಿತು. ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಡೆಲ್ರಿನ್ ಅಂದರೆ ಗಟ್ಟಿ ಪ್ಲಾಸ್ಟಿಕ್. ಮರದ್ದಕ್ಕಾದರೆ ಎಣ್ಣೆ ಹಚ್ಚಬೇಕು, ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣಗಾಳಿಗೆ ಬಿರುಕು ಬಿಡುವ ಭಯ ಬೇರೆ. ಇದಕ್ಕೆ ಆ ರಗಳೆ ಇಲ್ಲ.

ಆನ್‌ಲೈನ್‌ನಲ್ಲಿ ಬರುವ ಅಗ್ಗದ, ಕೀಲಿಗಳಿರುವ ಮರದ ಫ್ಲೂಟ್ ಆಗಲಿಲ್ಲ. ಅವಳ ಗೆಳತಿಯದನ್ನು ಊದಿ ನೋಡಿದಳು. ಕೀಲಿಗಳಡಿಯ ಮೆತ್ತೆಗಳಲ್ಲಿ (ಪ್ಯಾಡ್) ಗಾಳಿ ಸೋರುತ್ತದೆ, ಮೇಲಿನ ಸ್ಥಾಯಿ ಶ್ರುತಿಗೇ ಕೂರಲ್ಲ. ನೋಡೋಕೆ ಮಾತ್ರ ಚೆಂದ! ಕೆಲವರು ಶಾಲೆಯ ಬೆಳ್ಳಿ ಬಣ್ಣದ, ಕೀಲಿಗಳಿರುವ ಫ್ಲೂಟಿನಲ್ಲೇ ಕಲಿಯಲಿ ಎಂದಿದ್ದಿರಿ. ಆದರೆ ಬೆರಳು ಜಾರಿಸಿ ಸ್ವರ ಎಳೆಯುವುದು ತೆರೆದ ರಂಧ್ರಗಳಲ್ಲಿ ಬಂದಷ್ಟು ಸಲೀಸಾಗಿ ಅದರಲ್ಲಿ ಬರುವುದಿಲ್ಲ.

ಟಿನ್ ವಿಷಲ್ (ತುದಿಯಿಂದ ಊದುವ ಆರು ರಂಧ್ರಗಳ ಚಿಕ್ಕ ಪೀಪಿ) ಅವಳಿಗೆ ಮೊದಲೇ ಗೊತ್ತಿತ್ತು. ಬೆರಳಾಟ ಹೆಚ್ಚುಕಡಿಮೆ ಅದೇ. ಕರ್ನಾಟಕ ಸಂಗೀತದ ಕೊಳಲು ಕಲಿತಿದ್ದರಿಂದ ತುಟಿ ಕೂರಿಸುವುದೂ ಬೇಗ ಬಂತು. ಆದರೆ ನಮ್ಮ ಕೊಳಲಿನಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ, ಇಲ್ಲಿ ಆರೂ ಮುಚ್ಚಿದರೆ ಆಧಾರ ಸ್ವರ ಡಿ. ಅದೊಂದು ಈಗಲೂ ಗೊಂದಲ.

ನನಗೆ ಗೊತ್ತಿರದಿದ್ದ ಸಂಗತಿ ಇನ್ನೊಂದು: ರಂಧ್ರಗಳನ್ನು ಬೆರಳ ತುದಿಯಿಂದಲೇ ಮುಚ್ಚಬೇಕಿಲ್ಲವಂತೆ. ಬ್ಯಾಗ್‌ಪೈಪ್ ನುಡಿಸುವವರ ಹಾಗೆ ಬೆರಳು ಚಾಚಿ, ನಡುವಿನ ಭಾಗದಿಂದ ಮುಚ್ಚಬಹುದು. ಮಕ್ಕಳ ಕೈ ಚಿಕ್ಕದು ಅಂತ ಬೇರೆ ಮಾಡೆಲ್ ಹುಡುಕುವವರು ಮೊದಲು ಇದನ್ನು ಮಾಡಿ ನೋಡಿ.