ಅವ್ವನ ಟ್ರಂಕಿನ ರಿವೆಟ್ ಬಿಡುತ್ತಿಲ್ಲ, ತಗಡು ಕೆಡದ ಹಾಗೆ ತೆಗೆಯೋದು ಹೇಗೆ?

ಬೆಟಗೇರಿ ಮನೆ:
ಎಲ್ಲರಿಗೂ ನಮಸ್ಕಾರ. ಅವ್ವ ಮದುವೆಯಾಗಿ ಬರುವಾಗ ತಂದ ಕಬ್ಬಿಣದ ಟ್ರಂಕು ನಮ್ಮಲ್ಲಿದೆ. ಹಸಿರು ಬಣ್ಣ, ಮುಂದಿನ ಮೈಮೇಲೆ ಬಿಳಿ ಅಕ್ಷರದಲ್ಲಿ ಅವಳ ಹೆಸರು. ಅವಳ ಇಳಕಲ್ ಸೀರೆ ಇನ್ನೂ ಅದರಲ್ಲೇ ಇರುತ್ತವೆ. ಕೊಂಡಿ ಮುರಿದು ಕೀಲಿ ಹಾಕಲು ಬರುತ್ತಿಲ್ಲ. ಹೊಸ ಕೊಂಡಿ ತಂದಿಟ್ಟಿದ್ದೇನೆ. ಆದರೆ ಹಳೆಯದನ್ನು ಹಿಡಿದಿರುವ 4 ರಿವೆಟ್ ಜಂಗು ಹಿಡಿದು ಕೂತಿವೆ.

ಒಂದು ಹೇಗೋ ಬಂತು. ಎರಡನೆಯದಕ್ಕೆ ಡ್ರಿಲ್ ಇಟ್ಟರೆ ಗುಂಡು ತಲೆಯ ಮೇಲೆ ಬಿಟ್ ಜಾರಿ ಪಕ್ಕದ ಬಣ್ಣ ಗೀಚಿತು. 3 ಎಂಎಂ ಬಿಟ್ ಎರಡು ಮುರಿದವು. ಮೂರನೆಯದು ಬಿಟ್ಟಿನ ಜೊತೆಗೇ ಗರಗರ ತಿರುಗುತ್ತದೆ. ನಾಲ್ಕನೆಯದಕ್ಕೆ ಚಾಣ ಇಟ್ಟು ಹೊಡೆದೆ, ತಗಡೇ ಒಳಗೆ ತಗ್ಗಾಯಿತು. ಅಲ್ಲಿಗೆ ನಿಲ್ಲಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಹಿಡಿದು ಕತ್ತರಿಸಿ ಕೊಡುತ್ತೇವೆ ಅಂದರು. ಬಣ್ಣ ಸುಟ್ಟರೆ ಹೆಸರೂ ಹೋಗುತ್ತೆ ಅಲ್ವಾ? ಕೊಡಲು ಮನಸ್ಸಾಗಲಿಲ್ಲ. ಮನೆಯಲ್ಲಿ ಡ್ರಿಲ್ ಮೆಷಿನ್, ಸುತ್ತಿಗೆ, ಹ್ಯಾಕ್ಸಾ, ಒಂದು ಅರ ಇವೆ. ಇಷ್ಟರಲ್ಲೇ ಆಗುತ್ತಾ?

ನಿವೃತ್ತ ಫಿಟ್ಟರ್, ಹುಬ್ಬಳ್ಳಿ:
ತಂಗೀ, ಆಗುತ್ತೆ. ಚಾಣ ಕೆಳಗಿಟ್ಟದ್ದು ಒಳ್ಳೇದಾಯಿತು. ನಾನು ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದವನು, ರಿವೆಟ್ ಬಿಚ್ಚೋದು ಕಲಿತದ್ದು ಅಲ್ಲೇ.

ರಿವೆಟ್ ಕೂರಿಸುವಾಗ ಬಾಲವನ್ನು, ಅಂದರೆ ತಲೆಯಿಲ್ಲದ ತುದಿಯನ್ನು, ಬಡಿದು ಇನ್ನೊಂದು ತಲೆ ಮಾಡುತ್ತಾರೆ. ಆ ಏಟಿಗೆ ಒಳಗಿನ ಕಾಂಡವೂ ಉಬ್ಬಿ ತೂತನ್ನು ತುಂಬಿಕೊಳ್ಳುತ್ತೆ. ಸೇತುವೆಯ ರಿವೆಟ್ಟನ್ನಾದರೆ ಕೆಂಪಗೆ ಕಾಯಿಸಿ ಬಡಿಯುತ್ತಿದ್ದರು. ಆರುವಾಗ ಅದು ಕುಗ್ಗಿ ಪ್ಲೇಟುಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತೆ. ಕೋಲ್ಕತ್ತದ ಹೌರಾ ಸೇತುವೆ 1943ರಿಂದ ಹಾಗೇ ನಿಂತಿದೆ. ನಿಮ್ಮ ಟ್ರಂಕಿನದು ತಣ್ಣಗೆ ಬಡಿದದ್ದು, ಆದರೆ ಮೇಲಿಂದ ಜಂಗು ಕಟ್ಟಿದೆ. ಎಳೆದರೆ ಬರುವುದಿಲ್ಲ. ಮೊದಲು ತಲೆ ತೆಗೆಯಬೇಕು, ಆಮೇಲೆ ಕಾಂಡ ತಳ್ಳಬೇಕು.

ಅರದಿಂದ ತಲೆಯ ನೆತ್ತಿ ಸವೆಸಿ. ತೊಗರಿ ಬೇಳೆಯಷ್ಟು ಸಪಾಟಾದರೆ ಸಾಕು. ನಟ್ಟನಡುವೆ ಸೆಂಟರ್ ಪಂಚ್ (ಬಿಟ್ ಜಾರದಂತೆ ಚುಕ್ಕೆ ತಗ್ಗು ಮಾಡುವ ಚೂಪು ತುದಿಯ ಉಕ್ಕಿನ ಕಡ್ಡಿ) ಇಟ್ಟು ಒಂದೇ ಏಟು. ಆಗ ಒಳಗಿನಿಂದ ಯಾರಾದರೂ ಭಾರದ ಕಬ್ಬಿಣ ಒತ್ತಿ ಹಿಡಿದಿರಬೇಕು. ಹಿಂದೆ ಆಸರೆ ಇಲ್ಲದ್ದಕ್ಕೇ ನಿಮ್ಮ ತಗಡು ತಗ್ಗಾದದ್ದು. ಆಮೇಲೆ 3 ಎಂಎಂ ಬಿಟ್, ನಿಧಾನ ಸ್ಪೀಡು, ಎರಡು ಹನಿ ಎಣ್ಣೆ. ಮೆಷಿನ್ ನೆಟ್ಟಗಿರಲಿ, ಓರೆಯಾದರೆ ಬಿಟ್ ಮುರಿಯುತ್ತೆ. ತಲೆ ಎಷ್ಟು ದಪ್ಪವೋ ಅಷ್ಟೇ ಇಳಿಸಿ. ನಂತರ ಕಾಂಡದಷ್ಟೇ ದಪ್ಪದ ಬಿಟ್ ಹಾಕಿ. ಬಂದಿರುವ ರಿವೆಟ್ಟಿನ ಕಾಂಡ ಅಳೆಯಿರಿ. 5 ಇದ್ದರೆ 5, ಜಾಸ್ತಿ ಬೇಡ. ಕಬ್ಬಿಣದ ಸುರುಳಿ ಬರುತ್ತಾ ಬರುತ್ತಾ ಒಮ್ಮೆಲೇ ತಲೆ ಉಂಗುರದ ಹಾಗೆ ಬಿಟ್ಟಿಗೆ ಸಿಕ್ಕಿ ತಿರುಗುತ್ತೆ. ತಕ್ಷಣ ನಿಲ್ಲಿಸಿ. ಬಾಲ ಒಳಗೆ ಕೂರುವಷ್ಟು ದೊಡ್ಡ ನಟ್ಟನ್ನು ಹಿಂದೆ ಆಸರೆ ಕೊಟ್ಟು, ಸಣ್ಣ ಪಂಚಿನಿಂದ ಕಾಂಡವನ್ನು ತಟ್ಟಿ.

ತಗಡಿನ ಕೆಲಸ, ರಾಣೆಬೆನ್ನೂರು:
ಕಾಕಾ ಹೇಳಿದ್ದು ಸರಿ. ಆದರೆ ಅಕ್ಕಾವ್ರೆ, ತಿರುಗುವ ಮೂರನೆಯದಕ್ಕೆ ಡ್ರಿಲ್ ಬೇಡ. ತೂತು ದೊಡ್ಡದಾಗುತ್ತೆ ಅಷ್ಟೇ. ಅದು ತಿರುಗುತ್ತೆ ಅಂದರೆ ಕೊಂಡಿಗೂ ತಗಡಿಗೂ ನಡುವೆ ಸಂದು ಬಿದ್ದಿದೆ. ಹ್ಯಾಕ್ಸಾ ಬ್ಲೇಡನ್ನು ಫ್ರೇಮಿನಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ, ಆ ಸಂದಿನಲ್ಲಿ ತೂರಿಸಿ ಕಾಂಡವನ್ನೇ ಕೊಯ್ಯಿರಿ. ಅಕ್ಷರದ ಕಡೆಗೆ ಎಣ್ಣೆ ಡಬ್ಬಿಯ ತೆಳು ತಗಡು ಅಡ್ಡ ಇಡಿ. ಒಳಗಿನಿಂದ ಇನ್ನೊಬ್ಬರು ಬಾಲವನ್ನು ಪಕ್ಕಡದಲ್ಲಿ ಬಿಗಿಯಾಗಿ ಹಿಡಿದುಕೊಳ್ಳಲಿ.

ಉಳಿದವು ಡ್ರಿಲ್ಲಿಗೆ ಬಗ್ಗದಿದ್ದರೆ ತಲೆಯನ್ನು ಹ್ಯಾಕ್ಸಾದಿಂದ ಪ್ಲಸ್ ಗುರುತಿನ ಹಾಗೆ ಕೊಯ್ದು, ಕಾಲು ಕಾಲು ಭಾಗ ಚಾಣದಲ್ಲಿ ಕೀಳಬಹುದು. ಹಳೆ ಕೊಂಡಿಗೆ ಗೀರು ಬಿದ್ದರೆ ಬೀಳಲಿ, ಹೇಗೂ ಎಸೆಯೋದೇ.

ಸೈಕಲ್ ಕೆಲಸ, ಧಾರವಾಡ:
ಯಾರಾದರೂ ಗ್ರೈಂಡರ್ ಹಿಡಿಯಿರಿ ಅಂದರೆ ಕೇಳಬೇಡಿ. ನಮ್ಮ ಅಜ್ಜಿಯ ಕಾಳಿನ ಡಬ್ಬಕ್ಕೆ ನಾನು ಹಿಡಿದಿದ್ದೆ. ನೋಡನೋಡುತ್ತಿದ್ದಂತೆ ಸುತ್ತಲಿನ ಬಣ್ಣ ಗುಳ್ಳೆ ಎದ್ದು ಕಪ್ಪಾಯಿತು. ಇವತ್ತಿಗೂ ಅದನ್ನು ನೋಡಿದರೆ ಬೇಜಾರಾಗುತ್ತೆ. ಸೀರೆ ಎಲ್ಲಾ ಮೊದಲೇ ತೆಗೆದಿಡಿ. ಕಬ್ಬಿಣದ ಪುಡಿ ಸೇರಿ ತೇವ ತಾಗಿದರೆ ಜಂಗಿನ ಕಲೆ ಹೋಗೋದಿಲ್ಲ. ಕಣ್ಣಿಗೆ ಕನ್ನಡಕ ಮರೀಬೇಡಿ.

ಬೆಟಗೇರಿ ಮನೆ:
ಮೂರೂ ಬಂದವು! ಆಸರೆಗೆ ಅಪ್ಪನ ಕಿರಾಣಿ ಅಂಗಡಿಯ 2 ಕೆಜಿ ತೂಕದ ಕಲ್ಲು ಹಿಡಿದೆವು. ಅಣ್ಣ ಟ್ರಂಕಿನೊಳಗೆ ಕೈ ಹಾಕಿ ಕೂತಿದ್ದ. ಎರಡನೆಯದರ ತಲೆ ಕಾಕಾ ಹೇಳಿದ ಹಾಗೇ ಉಂಗುರವಾಗಿ ಬಿಟ್ಟಿನಲ್ಲಿ ಉಳಿಯಿತು. ನಾಲ್ಕನೆಯದಕ್ಕೆ ಪ್ಲಸ್ ಕೊಯ್ಯಬೇಕಾಯಿತು. ತಿರುಗುವುದನ್ನು ಕೊಯ್ಯಲು ಮುಕ್ಕಾಲು ತಾಸು ಹಿಡಿಯಿತು, ಬೆರಳು ನೋಯುತ್ತಿವೆ. ಆದರೆ ಅವ್ವನ ಹೆಸರಿನ ಒಂದು ಅಕ್ಷರಕ್ಕೂ ಗೀರು ಬಿದ್ದಿಲ್ಲ.

ಕೊಂಡಿ ಎತ್ತಿದಾಗ ಕೆಳಗೆ ಬೆರಳಗಲದ ಹಸಿರು ಕಾಣಿಸಿತು. ಹೊಸ ಮಾವಿನೆಲೆಯ ಹಾಗೆ ಹೊಳೆಯುತ್ತಿತ್ತು. ಅವ್ವ ಬಂದು ಅದರ ಮೇಲೆ ಬೆರಳಾಡಿಸಿ, ಟ್ರಂಕು ಮನೆಗೆ ಬಂದಾಗ ಪೂರ್ತಿ ಇದೇ ಬಣ್ಣ ಇತ್ತು ಅಂದಳು. ನನಗೆ ಗೊತ್ತೇ ಇರಲಿಲ್ಲ.

ಈಗ ಹೊಸ ಕೊಂಡಿಗೆ ಪಾಪ್ ರಿವೆಟ್ (ಹೊರಗಿನಿಂದಲೇ ಗನ್ನಿನಲ್ಲಿ ಎಳೆದು ಕೂರಿಸುವಂಥದ್ದು) ಹಾಕಲೋ, ಬೋಲ್ಟೋ?

ನಿವೃತ್ತ ಫಿಟ್ಟರ್, ಹುಬ್ಬಳ್ಳಿ:
ಬಹಳ ಸಂತೋಷ ಆಯಿತು ತಂಗೀ. 5 ಎಂಎಂ ತೂತಿಗೆ 4.8ರ ಪಾಪ್ ರಿವೆಟ್ ಕೂರುತ್ತೆ. ಆದರೆ ಹಳೇ ತಗಡು ತೆಳು, ಒಂದು ತೂತು ಬೇರೆ ಸವೆದಿದೆ. ನನ್ನ ಮಾತು ಕೇಳಿದರೆ 5 ಎಂಎಂ ಬೋಲ್ಟ್ ಹಾಕಿ. ಗುಂಡು ತಲೆ ಹೊರಗೆ, ನಟ್ಟು ಒಳಗೆ, ನಟ್ಟಿನ ಕೆಳಗೆ ಅಗಲದ ವಾಶರ್. ಒಳಗೆ ಚಾಚಿದ ಬೋಲ್ಟಿನ ತುದಿಯನ್ನು ಕೊಯ್ದು, ಅರ ಹಾಕಿ ನುಣುಪು ಮಾಡಿ, ಮೇಲೆ ದಪ್ಪ ಬಟ್ಟೆ ಅಂಟಿಸಿ. ಸೀರೆಯ ಎಳೆ ಅದಕ್ಕೆ ಸಿಕ್ಕಬಾರದು.